ಆರೋಗ್ಯವಂತ ನಂಬರ್ ಒಂದು

ನಗಬಾರದು, ಇದು ನಗುವ ಹೊತ್ತಲ್ಲ ಎಂದು ತನಗೆ ತಾನೇ ಹೇಳಿಕೊಂಡಷ್ಟೂ ನಿಕಾನೋರ್ ವೆಯಿಸಾಗಾನಿಗೆ ನಗು ಉಕ್ಕಿಕೊಂಡು ಬರುತ್ತಿತ್ತು. ಬೆಳಗಿನ ಏಳು ಗಂಟೆ; ಪ್ರಯೋಗಾಲಯಕ್ಕೆ ಇನ್ನೂ ಯಾರೂ ಬಂದಿರಲಿಲ್ಲ; ಕಿಟಕಿಯಾಚೆ ತುನಾರಿ ಬೆಟ್ಟದ ನೆತ್ತಿಗೆ ಮಾತ್ರ ಬಿಸಿಲು ಬಿದ್ದಿತ್ತು. ಅವನ ಕೈಯಲ್ಲಿದ್ದದ್ದು ಅಂಗೈಯಗಲದ ಒಂದು ಪ್ಲಾಸ್ಟಿಕ್ ತಟ್ಟೆ, ಪಡ್ಡಿನ ಹೆಂಚಿನ ಹಾಗೆ ಸಾಲುಸಾಲಾಗಿ ತೊಂಬತ್ತಾರು ಪುಟ್ಟ ಗುಳಿಗಳಿರುವಂಥದ್ದು. ಮೊನ್ನೆ ಲಿಡ್ಸಿ, ಇಲ್ಲಿ ಪಿಎಚ್‌ಡಿ ಮಾಡುತ್ತಿರುವ ಹುಡುಗಿ, ಜನರ ರಕ್ತದಿಂದ ಬೇರ್ಪಡಿಸಿದ ಬಿಳಿಕಣಗಳನ್ನು ಆ ಗುಳಿಗಳಿಗೆ ಹಾಕಿ, ಮೇಲೆ ಹೃದಯವನ್ನು ಮೆಲ್ಲಗೆ ಕೆಡಿಸುವ ಚಾಗಸ್ ರೋಗದ ರೋಗಾಣುವಿನ ಚೂರುಗಳನ್ನು ಬಿಟ್ಟು, ನಿನ್ನೆ ಬಣ್ಣ ಕೊಟ್ಟು, ಒಣಗಲೆಂದು ಡ್ರಾಯರಿನಲ್ಲಿಟ್ಟು ಹೋಗಿದ್ದಳು. ಆ ರೋಗಾಣುವನ್ನು ಎಂದಾದರೂ ಎದುರಿಸಿದ್ದ ಕಣ ಅದರ ಚೂರನ್ನು ಕಂಡೊಡನೆ ಗುರುತು ಹಿಡಿದು ಕೂಗು ಹಾಕುತ್ತದೆ. ಕೂಗು ಹಾಕಿದ ಜಾಗದಲ್ಲಿ ಒಂದು ನೀಲಿ ಚುಕ್ಕೆ ಉಳಿಯುತ್ತದೆ. ಎಂದೂ ಕಾಣದ ಕಣ ಸುಮ್ಮನಿರುತ್ತದೆ, ಗುಳಿ ಬೆಳ್ಳಗೆ ಉಳಿಯುತ್ತದೆ. ರೋಗಿಗಳ ಸಾಲು ನೀಲಿ, ಆರೋಗ್ಯವಂತರ ಸಾಲು ಬಿಳಿ, ಇಷ್ಟೇ ವಿಷಯ. ತಟ್ಟೆಯ ಮೊದಲ ಸಾಲಿನ ಪಕ್ಕದಲ್ಲಿ ಲಿಡ್ಸಿಯ ದುಂಡು ಅಕ್ಷರದಲ್ಲಿ ‘ಆರೋಗ್ಯವಂತ 1’ ಎಂದು ಬರೆದಿತ್ತು. ಅದು ಅವನ ರಕ್ತ. ಆ ಸಾಲಿನ ಮೂರು ಗುಳಿಗಳಲ್ಲಿ ರಾಗಿ ಚೆಲ್ಲಿದ ಹಾಗೆ ಚುಕ್ಕೆಗಳಿದ್ದವು. ಭೂತಗನ್ನಡಿಯಲ್ಲಿ ಎರಡೆರಡು ಸಲ ಎಣಿಸಿದ. ತೊಂಬತ್ತೊಂದು, ಎಂಬತ್ತೆಂಟು, ತೊಂಬತ್ತನಾಲ್ಕು.

ಎದೆ ಧಸಕ್ಕೆನ್ನಬೇಕಿತ್ತು, ಎಂದಿತು ಕೂಡ. ಆದರೆ ಅದರ ಹಿಂದೆಯೇ ಎಲ್ಲಿಂದಲೋ ಒಂದು ಹುಚ್ಚು ಸಂತೋಷ ನುಗ್ಗಿ ಬಂದು ಅವನನ್ನು ಸ್ಟೂಲಿನ ಮೇಲೆ ಕೂರಿಸಿತು. ಅಬ್ಬಾ, ಎಷ್ಟು ಜನ! ತಾನು ಇಪ್ಪತ್ತನಾಲ್ಕು ವರ್ಷಗಳಿಂದ ಮರೆತಂತೆ ನಟಿಸಿದ್ದನ್ನು ಇವು ಮರೆತೇ ಇಲ್ಲ. ಮೈಯೊಳಗೆ ಎಲ್ಲೋ ಮೂಲೆಯಲ್ಲಿ ಕಾವಲು ಕೂತುಕೊಂಡು, ಊಟ ಕೊಟ್ಟರೆ ಉಂಡು, ಯಾರಿಗೂ ಹೇಳದೆ, ಮಿಸ್ಕೆ ಕಣಿವೆಯ ಆ ಮಣ್ಣಿನ ಮನೆಯನ್ನು ನೆನಪಿಟ್ಟುಕೊಂಡು ಕೂತಿವೆ. ಕಳೆದ ಎರಡು ವಾರದಲ್ಲಿ ಇದು ಮೂರನೆಯ ತಟ್ಟೆ. ಮೊದಲನೆಯದರಲ್ಲೂ ಹೀಗೇ ಆಗಿತ್ತು, ಎರಡನೆಯದರಲ್ಲೂ. ಎರಡು ಸಲವೂ ಪ್ರಯೋಗಾಲಯದ ಮುಖ್ಯಸ್ಥೆ ಡಾಕ್ಟೋರಾ ಕ್ಲಾರೋಸ್ ‘ಲಿಡ್ಸಿ, ಎಲ್ಲೋ ಎಡವಟ್ಟು ಮಾಡಿದ್ದೀಯ’ ಎಂದಿದ್ದರು. ಅವನೂ ಹೌದೆನ್ನುವಂತೆ ಗಾಜಿನ ಸೀಸೆಗಳನ್ನು ಒರೆಸುತ್ತ ನಿಂತಿದ್ದ. ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದ ಕೋತಿ. ಈ ಸಲ ಡಾಕ್ಟೋರಾ ಮೊದಲೇ ಎಚ್ಚರಿಸಿದ್ದರು: ಮೂರನೆಯದೂ ಕೆಟ್ಟರೆ ಈ ಕೆಲಸ ಲಿಡ್ಸಿಯ ಕೈತಪ್ಪಿ ಬೇರೆಯವರಿಗೆ ಹೋಗುತ್ತದೆ. ಕೆಟ್ಟಿಲ್ಲ, ಡಾಕ್ಟೋರಾ, ಕೆಟ್ಟಿರುವುದು ತಟ್ಟೆಯಲ್ಲ ಎಂದು ಹೇಳುವವನು ಇಡೀ ಕೊಚಬಾಂಬಾ ಪಟ್ಟಣದಲ್ಲಿ ಒಬ್ಬನೇ ಇದ್ದ, ಅವನು ಬೆಳಗಿನ ಏಳಕ್ಕೆ ಒಬ್ಬನೇ ಕೂತು ನಗುತ್ತಿದ್ದ.

ಇಲ್ಲಿನ ಪದ್ಧತಿ ಹಳೆಯದು. ರೋಗಿಗಳ ರಕ್ತವನ್ನು ಹೋಲಿಸಿ ನೋಡಲು ರೋಗವಿಲ್ಲದವರ ರಕ್ತ ಬೇಕು; ಅದನ್ನು ಹುಡುಕಿಕೊಂಡು ಬೀದಿಗೆ ಹೋಗುವವರು ಯಾರು? ಪ್ರಯೋಗಾಲಯದವರೇ ತೋಳು ಚಾಚುತ್ತಾರೆ. ರಕ್ತ ಕೊಟ್ಟವರಿಗೆ ಹತ್ತು ಗಂಟೆಗೆ ಮೂಲೆಯಂಗಡಿಯಿಂದ ಒಂದು ಬಿಸಿ ಸಾಲ್ತೇನ್ಯಾ, ಮಾಂಸದ ರಸ ತುಂಬಿದ ಕಡುಬು; ಜೊತೆಗೆ ಆ ದಿನ ಸೀಸೆ ತೊಳೆಯುವುದರಿಂದ ರಜೆ. ನಿಕಾನೋರ್ ರಕ್ತ ತೆಗೆಯುವ ಕೆಲಸಕ್ಕೆ ಸೇರಿದ ದಿನವೇ ಫಾರಂ ತುಂಬಿಸಿದ್ದರು. ಆಗಿದ್ದ ಹಳೆಯ ತಂತ್ರಜ್ಞೆಯೊಬ್ಬಳು, ಉಗುರಿಗೆ ಬಣ್ಣ ಹಚ್ಚಿದವಳು, ಎಲ್ಲರೆದುರು ಗಟ್ಟಿಯಾಗಿ ಓದಿ ಕೇಳಿದಳು: ‘ಮಣ್ಣಿಟ್ಟಿಗೆಯ ಮನೆಯಲ್ಲಿ ಎಂದಾದರೂ ವಾಸವಾಗಿದ್ದೀರಾ? ವಿಂಚುಕಾ ಕಚ್ಚಿದೆಯಾ? ಕುಟುಂಬದಲ್ಲಿ ಯಾರಿಗಾದರೂ ರೋಗ?’ ವಿಂಚುಕಾ ಎಂದರೆ ತಿಗಣೆಯ ದೊಡ್ಡಣ್ಣ, ಮಣ್ಣಿನ ಗೋಡೆಯ ಬಿರುಕಿನಲ್ಲಿದ್ದು ಮಲಗಿದವರ ರಕ್ತ ಕುಡಿಯುವ ಹುಳು. ಕುಡಿದಲ್ಲೇ ರೋಗವನ್ನೂ ಬಿಟ್ಟು ಹೋಗುತ್ತದೆ. ಹಾಗೆ ಕೇಳುವಾಗ ಅವಳ ಮೂಗು ಒಂದಿಷ್ಟೇ, ಒಂದು ಕೂದಲೆಳೆಯಷ್ಟೇ ಸುಕ್ಕಾಯಿತು. ಸುಕ್ಕಾಗದಿದ್ದರೆ ನಿಜ ಹೇಳುತ್ತಿದ್ದನೋ ಏನೋ, ದೇವರೇ ಬಲ್ಲ. ‘ಇಲ್ಲ, ಇಟ್ಟಿಗೆ ಮನೆ, ಸುಣ್ಣ ಬಳಿದ ಗೋಡೆ’ ಎಂದ. ಯಾರೂ ಸುಣ್ಣದ ಬಗ್ಗೆ ಕೇಳಿರಲಿಲ್ಲ. ಸುಳ್ಳಿಗೆ ಸುಣ್ಣವನ್ನೂ ಬಳಿದದ್ದು ಅವನೇ. ಆಗಿನ ಪರೀಕ್ಷೆ ಬೇರೆ, ಕಣಗಳನ್ನು ಕೂಗಿಸಿ ನೋಡುವ ಈ ಪರೀಕ್ಷೆ ಈಚೆಗೆ ಬಂದದ್ದು. ಎರಡು ಸಲ ಮಾಡಿದಾಗಲೂ ಅವನ ರಕ್ತ ನಿರ್ಮಲವಾಗಿಯೇ ಬಂತು. ಆರು ವರ್ಷದಿಂದ ಅವನು ಆರೋಗ್ಯವಂತ ನಂಬರ್ ಒಂದು. ಹುಟ್ಟುಹಬ್ಬಕ್ಕೆ ಲಿಡ್ಸಿ ಆ ಹೆಸರು ಬರೆಸಿದ ಒಂದು ಲೋಟವನ್ನೂ ಕೊಟ್ಟಿದ್ದಳು. ಅದರಲ್ಲಿ ಕಾಫಿ ಕುಡಿದಾಗಲೆಲ್ಲ ತಾನು ನಿಜವಾಗಿಯೂ ಸುಣ್ಣದ ಗೋಡೆಯ ಮನೆಯಲ್ಲಿ ಹುಟ್ಟಿದವನೇ ಇರಬೇಕು ಎನ್ನಿಸುತ್ತಿತ್ತು.

“ನಿಕೊ! ಅಷ್ಟು ಬೇಗ ಬಂದ್ಬಿಟ್ರಾ? ನೋಡಿದ್ರಾ? ಹೇಳ್ಬೇಡಿ, ಹೇಳ್ಬೇಡಿ, ನಾನೇ ನೋಡ್ತೀನಿ.” ಲಿಡ್ಸಿ ಬಂದವಳೇ ಬ್ಯಾಗನ್ನು ಕೂಡ ಇಳಿಸದೆ ತಟ್ಟೆಯನ್ನು ಕಿತ್ತುಕೊಂಡು ಬೆಳಕಿಗೆ ಹಿಡಿದಳು. ಅವಳ ಕೂದಲಿನ್ನೂ ಒದ್ದೆಯಿತ್ತು. ಕಣ್ಣು ಮೊದಲ ಸಾಲಿನ ಮೇಲೆ ನಿಂತಿತು. “ಇಲ್ಲ ಬಿಡಿ,” ಎಂದಳು ಮೆಲ್ಲಗೆ. “ಮುಗೀತು ನನ್ನ ಕಥೆ. ನಾನು ಟ್ಯೂಬ್ ಬದಲಾಯಿಸಿಲ್ಲ ನಿಕೊ, ನಮ್ಮಜ್ಜಿ ಆಣೆ. ಪ್ರತಿ ಟ್ಯೂಬ್‌ಗೂ ನಿಮ್ಮ ಹೆಸರು ಬಾಯಲ್ಲಿ ಹೇಳ್ಕೊಂಡು ಹೇಳ್ಕೊಂಡು ಹಾಕಿದೀನಿ. ಹುಚ್ಚಿ ಥರ.”

“ನಂಗೊತ್ತು,” ಎಂದ ನಿಕಾನೋರ್.

“ನಿಮಗೇನು ಗೊತ್ತು?”

ಈಗ ಹೇಳಬೇಕಿತ್ತು. ಬಾಯಿ ತೆರೆದೂ ತೆರೆದ. ಬಂದದ್ದು ನಗು. ಲಿಡ್ಸಿ ಅವನನ್ನು ದಿಟ್ಟಿಸಿ ನೋಡಿ, “ನಿಮಗೆ ನಗು ಬರುತ್ತಾ? ಬರಲಿ ಬಿಡಿ, ಬರಲಿ,” ಎಂದು ಅಳುತ್ತ ಕೈತೊಳೆಯುವ ತೊಟ್ಟಿಯ ಕಡೆಗೆ ಹೋದಳು. ಅವನಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಎನ್ನಿಸಿತು. ಹಿಂದೆಯೂ ಹೀಗೇ ಆಗಿತ್ತು. ಹತ್ತು ವರ್ಷದವನನ್ನು ಅಮ್ಮ ಪಟ್ಟಣದ ಶಾಲೆಗೆ ಸೇರಿಸಿದ್ದಳು. ಮೊದಲ ಸೋಮವಾರ ಗಣಿತದ ಪಾಠ ನಡೆದಿತ್ತು. ಬೆಂಚಿನ ಕೆಳಗಿದ್ದ ಅವನ ಬಟ್ಟೆಯ ಗಂಟಿನೊಳಗಿಂದ ಒಂದು ವಿಂಚುಕಾ ಹೊರಬಂದು, ತನ್ನದೇ ಊರು ಎನ್ನುವ ಠೀವಿಯಲ್ಲಿ, ತರಗತಿಯ ನಡುವಿನ ಸಿಮೆಂಟು ನೆಲದ ಮೇಲೆ ನಡೆದುಕೊಂಡು ಹೋಯಿತು. ಹುಡುಗರೆಲ್ಲ ಬೆಂಚು ಹತ್ತಿ ಕಿರುಚಿದರು. ಮೇಷ್ಟ್ರು ಬೂಟಿನಿಂದ ಅದನ್ನು ಒರೆಸಿ ಹಾಕಿದಾಗ ಬಿಳಿ ಸಿಮೆಂಟಿನ ಮೇಲೆ ಕೆಂಪಗೆ ರಕ್ತ ಎಳೆದುಕೊಂಡು ಹೋಯಿತು. ಇದು ಯಾರದು? ಎಂದರು ಮೇಷ್ಟ್ರು. ಹುಳುವನ್ನು ಕುರಿತು ಕೇಳಿದ್ದರು. ಆದರೆ ಅವನಿಗೆ ಕೇಳಿಸಿದ್ದು ರಕ್ತದ ಬಗ್ಗೆ. ತನ್ನದೋ, ರಾತ್ರಿ ಪಕ್ಕದಲ್ಲಿ ಮಲಗಿದ್ದ ಅಮ್ಮನದೋ ಎಂದು ಅವನು ಪ್ರಾಮಾಣಿಕವಾಗಿ ಯೋಚಿಸುತ್ತ ನಿಂತ, ಯೋಚಿಸುತ್ತ ನಕ್ಕುಬಿಟ್ಟ. ಆ ನಗುವಿಗೆ ಮೇಷ್ಟ್ರು ಬಾರಿಸಿದರು. ‘ನಂದಲ್ಲ ಸಾರ್’ ಎಂದು ಹೇಳಿದ ಮೇಲೆಯೇ ನಗು ನಿಂತದ್ದು. ಆ ದಿನದಿಂದ ಅವನದಲ್ಲದ್ದು ಒಂದೊಂದೇ ಹೆಚ್ಚುತ್ತ ಹೋಯಿತು: ಊರು ಅವನದಲ್ಲ, ಮನೆ ಅವನದಲ್ಲ, ಕೊನೆಗೆ...

ಎಂಟೂವರೆಗೆ ಡಾಕ್ಟೋರಾ ಇವೆಟ್ಟೆ ಕ್ಲಾರೋಸ್ ಬಂದರು. ಕುಳ್ಳಗಿನ, ದಪ್ಪ ಕನ್ನಡಕದ, ನಡೆದರೆ ಟೇಬಲ್ಲುಗಳೇ ದಾರಿ ಬಿಡುವಂಥ ಹೆಂಗಸು. ತಟ್ಟೆಯನ್ನು ನೋಡಿದರು. ರೋಗಾಣುವಿನ ಚೂರು ಹಾಕದ ಗುಳಿಗಳೂ ಅವನ ಸಾಲಿನಲ್ಲಿದ್ದವು, ಅವು ಬೆಳ್ಳಗಿದ್ದವು. ಅಂದರೆ ಕಣಗಳು ಸುಮ್ಮಸುಮ್ಮನೆ ಕೂಗಿದ್ದಲ್ಲ, ಗುರುತು ಹಿಡಿದೇ ಕೂಗಿದ್ದವು. “ಹಾಗಾದ್ರೆ ಒಂದೇ ಅರ್ಥ,” ಎಂದರು. “ರೋಗಿಯ ಟ್ಯೂಬ್ ತಗೊಂಡು ನಿಕಾನೋರನ ಸಾಲಿಗೆ ಸುರಿದಿದ್ದೀಯ. ಒಂದು ಸಲ ಆದ್ರೆ ಆಯ್ತು ಅನ್ನಬಹುದು. ಮೂರು ಸಲ! ರೋಗಿಗಳು ಎಲ್ಲೆಲ್ಲಿಂದಲೋ ಬಸ್ಸು ಹತ್ತಿ ಬಂದು ರಕ್ತ ಕೊಡ್ತಾರೆ ಲಿಡ್ಸಿ, ಅದು ನಲ್ಲಿ ನೀರಲ್ಲ. ಸೋಮವಾರದಿಂದ ನೀನು ಸೀಸೆ ತೊಳಿ. ಇವತ್ತಿನದ್ದನ್ನ ನಾನೇ ಮಾಡ್ತೀನಿ. ನಿಕಾನೋರ್, ತೋಳು ಕೊಡು.”

ಅವನು ತೋಳು ಕೊಟ್ಟ. ಬಾಯಿ ಕೊಡಬೇಕಾದ ಕಡೆ ತೋಳು ಕೊಡುವುದು ಎಷ್ಟು ಸುಲಭ! ಡಾಕ್ಟೋರಾ ನಾಲ್ಕು ಟ್ಯೂಬು ತುಂಬಿಸಿದರು, ಒಂದಕ್ಕೂ ಲಿಡ್ಸಿಯ ಕೈ ಸೋಕದಂತೆ ತಮ್ಮ ಕೋಟಿನ ಜೇಬಿಗೇ ಹಾಕಿಕೊಂಡರು. ಬೆಳಿಗ್ಗೆಯಿಂದ ಅವನ ಹೊಟ್ಟೆಗೆ ಒಂದು ಲೋಟ ನೀರೂ ಬಿದ್ದಿರಲಿಲ್ಲ. ಎದ್ದು ನಿಂತಾಗ ತಲೆ ಗಿರ್ರೆಂದಿತು, ನೆಲ ಒಂದು ಗೇಣು ಕೆಳಗೆ ಹೋಗಿ ಮತ್ತೆ ಬಂತು, ಕಿಟಕಿಯೊಳಗಿನ ಬೆಟ್ಟ ಬಲಕ್ಕೆ ವಾಲಿತು. ಎಷ್ಟು ಚೆನ್ನಾಗಿದೆ ಎಂದುಕೊಂಡ. ಆ ನಾಲ್ಕು ಟ್ಯೂಬುಗಳಲ್ಲಿ ತನ್ನ ಜನ ಮತ್ತೆ ಡಾಕ್ಟೋರಾರ ಜೇಬಿನಲ್ಲಿ ಬೆಚ್ಚಗೆ ಕೂತು ಹೊರಟಿದ್ದಾರೆ. ನಾಡಿದ್ದು ಮತ್ತೆ ಕೂಗುತ್ತಾರೆ. ಆಗ ಡಾಕ್ಟೋರಾ ತಮ್ಮ ಕೈಯನ್ನೇ ಅನುಮಾನಿಸುತ್ತಾರೋ? ಮತ್ತೆ ನಗು ಬಂತು. ತೊಟ್ಟಿಯ ಬಳಿ ಲಿಡ್ಸಿ ಈಗಲೇ ಸೀಸೆ ತೊಳೆಯಲು ಸುರುಮಾಡಿದ್ದಳು, ಬ್ರಷ್ಷನ್ನು ಯಾರ ಗಂಟಲಿಗೋ ತುರುಕುವವಳಂತೆ. ಅವಳ ಬೆನ್ನು ನೋಡಿದ ಕೂಡಲೇ ನಗು ನಿಂತುಹೋಯಿತು. ಎರಡು ವರ್ಷ ಓದಿ, ಹಗಲಿಡೀ ಈ ಗುಳಿಗಳ ಮೇಲೆ ಬಗ್ಗಿ ಕತ್ತು ನೋಯಿಸಿಕೊಂಡ ಹುಡುಗಿ. ಒಂದು ಮಾತು ಹೇಳಿದರೆ ಅವಳ ಕೆಲಸ ಉಳಿಯುತ್ತದೆ. ಒಂದೇ ಮಾತು. ಅದನ್ನು ಹೇಳಿದರೆ ಸುಳ್ಳುಗಾರ ಎನ್ನುತ್ತಾರೆ, ಹೊರಗೆ ಹಾಕಿದರೂ ಹಾಕಿಯಾರು. ಆದರೆ ಅವನಿಗೆ ಹೆದರಿಕೆಯಾದದ್ದು ಅದಕ್ಕಲ್ಲ. ಆ ಮಾತಿನ ಬಾಲ ಹಿಡಿದುಕೊಂಡು ಇನ್ನೊಂದು ಬರುತ್ತದೆ. ಅದು ಈಗ ಹೊರಗಿನ ಬೆಂಚಿನಲ್ಲಿ ಬಂದು ಕೂತಿರಬೇಕು. ಇವತ್ತು ಗುರುವಾರ, ರೋಗಿಗಳು ರಕ್ತ ಕೊಡಲು ಬರುವ ದಿನ.

ನಾಲ್ಕು ವರ್ಷದ ಹಿಂದೆಯೂ ಗುರುವಾರವೇ. ಸೂಜಿ, ಹತ್ತಿ ಎಲ್ಲ ಜೋಡಿಸಿಕೊಂಡು ‘ಮುಂದಿನವರು’ ಎಂದು ಕರೆದಿದ್ದ. ಡಾಕ್ಟೋರಾ ಪಕ್ಕದಲ್ಲೇ ನಿಂತಿದ್ದರು, ಉಗುರುಬಣ್ಣದವಳೂ ಇದ್ದಳು. ಬಾಗಿಲಲ್ಲಿ ಬಂದು ನಿಂತದ್ದು ಅಮ್ಮ: ಬಿಳಿ ಟೋಪಿ, ಎರಡು ಜಡೆ, ನೆರಿಗೆಯ ಲಂಗ, ಮೆಟ್ಟಿಲು ಹತ್ತಿ ಬಂದ ಏದುಸಿರು. ಹೃದಯ ದಪ್ಪವಾಗಿದೆ, ಚಾಗಸ್ ಇರಬೇಕು ಎಂದು ಊರಿನ ಆಸ್ಪತ್ರೆಯವರು ಕಳಿಸಿದ್ದರು. ಮಗ ಕೆಲಸ ಮಾಡುವ ಜಾಗಕ್ಕೇ ಕಳಿಸುತ್ತಾರೆಂದು ಅವಳಿಗೂ ಗೊತ್ತಿರಲಿಲ್ಲ. ಅವಳ ಮುಖವೆಲ್ಲ ಅರಳಿತು, ಕರೆಯಲು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಫಾರಂ ನೋಡುತ್ತ ಕೇಳಿಬಿಟ್ಟಿದ್ದ: ‘ಹೆಸರೇನು, ಸೆನ್ಯೋರಾ?’ ತೆರೆದ ಬಾಯಿ ಹಾಗೇ ಒಂದು ಗಳಿಗೆ ನಿಂತಿತು. ಆಮೇಲೆ ಅವಳು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು, ಕುರ್ಚಿಯ ಅಂಚಿನಲ್ಲಿ ಕೂತು, ಪರರ ಮನೆಗೆ ಬಂದವಳಂತೆ ಹೇಳಿದಳು: ‘ಸಾತುರ್ನಿನಾ ಸೆಹಾಸ್, ನಿಮ್ಮ ಸೇವಕಿ.’ ಅವನು ಅಪ್ಪನ ಮನೆತನದ ಹೆಸರಿನಲ್ಲಿ ವೆಯಿಸಾಗಾ, ಅವಳು ತನ್ನ ಮನೆತನದ ಹೆಸರಿನಲ್ಲಿ ಸೆಹಾಸ್. ಯಾರಿಗೂ ಏನೂ ಹೊಳೆಯಲಿಲ್ಲ. ನರ ಮೊದಲ ಚುಚ್ಚಿಗೇ ಸಿಕ್ಕಿತು. ಮುಂದಿನ ಭಾನುವಾರ ಅವನು ಊರಿಗೆ ಹೋದಾಗ ಎಂದಿನಂತೆ ಕಡಲೆಕಾಯಿ ಸಾರು ಮಾಡಿ ಬಡಿಸಿದಳು, ಇನ್ನೊಂದು ಸೌಟು ಹಾಕಲಾ ನಿಕುಚಾ ಎಂದಳು, ಆ ಗುರುವಾರದ ಸುದ್ದಿಯನ್ನೇ ಎತ್ತಲಿಲ್ಲ. ಅಂದೂ ಎತ್ತಲಿಲ್ಲ, ಇಂದಿಗೂ ಎತ್ತಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಮನೆಯಲ್ಲಿ ಒಂದು ಮಾತಿಲ್ಲ. ಆರು ತಿಂಗಳಿಗೊಮ್ಮೆ ಇಲ್ಲಿಗೆ ಬಂದಾಗ ಮಾತ್ರ ಆಟ ಹೂಡುತ್ತಾಳೆ. ಬೇರೆ ಯಾರೂ ಸೂಜಿ ಮುಟ್ಟಕೂಡದು, ಆ ಡಾಕ್ಟ್ರಪ್ಪನೇ ಬೇಕು.

“ಏನು ಡಾಕ್ಟ್ರಪ್ಪಾ, ಇವತ್ತು ಮುಖ ಬಿಳಿಚ್ಕೊಂಡಿದೆ?” ಇವತ್ತೂ ಅದೇ ಧಾಟಿ. ಬೆಂಚಿನಿಂದ ಎದ್ದು ಒಳಗೆ ಬಂದಳು, ಮೊದಲಿಗಿಂತ ನಿಧಾನವಾಗಿ, ಬಾಗಿಲ ಚೌಕಟ್ಟು ಹಿಡಿದು ಎರಡು ಉಸಿರು ತೆಗೆದುಕೊಂಡು. “ನಿಮಗೆ ತಾಯಿ ಇದಾರೆ ತಾನೆ? ಊಟ ಗೀಟ ಹಾಕ್ತಾರಾ?”

“ಇದಾರೆ, ಸೆನ್ಯೋರಾ. ಹಾಕ್ತಾರೆ.”

“ಮತ್ತೆ ಈ ಕಡ್ಡಿ ಥರ ತೋಳು? ಆಯಮ್ಮ ಜುಗ್ಗಿ ಇರಬೇಕು.” ಲಿಡ್ಸಿ ಅಳುವಿನ ನಡುವೆಯೇ ತಿರುಗಿ ನೋಡಿ ಕಣ್ಣೊರೆಸಿಕೊಂಡು ನಕ್ಕಳು. ಅಮ್ಮನಿಗೆ ಅಷ್ಟು ಸಾಕಾಯಿತು. “ನನಗೂ ಒಬ್ಬ ಮಗ ಇದಾನೆ ಕಣಮ್ಮಾ. ಪಟ್ಟಣದಲ್ಲಿ ದೊಡ್ಡ ಕೆಲಸ. ಏನು ಕೆಲಸ ಅಂತ ಕೇಳಬೇಡ, ನನಗೂ ಗೊತ್ತಿಲ್ಲ, ಅವನೂ ಹೇಳಲ್ಲ. ನನ್ನನ್ನು ಕಂಡ್ರೆ ಹೆಸರೇ ಮರೆತುಹೋಗೋವಷ್ಟು ದೊಡ್ಡ ಕೆಲಸ.” ಇಷ್ಟು ಹೇಳಿ ಅವನ ಕಡೆ ನೋಡದೆ ತೋಳಿನ ಬಟ್ಟೆ ಮೇಲೆ ಸರಿಸಿಕೊಂಡಳು. ಆ ತೋಳು ಕಳೆದ ಸಲಕ್ಕಿಂತ ಸಣ್ಣಗಾಗಿತ್ತು. ಎದೆಯಲ್ಲಿ ಹೋದ ವರ್ಷ ಇಟ್ಟ, ಬಡಿತ ಕಾಯುವ ಯಂತ್ರ ಚರ್ಮದಡಿಯಲ್ಲಿ ಬೆಂಕಿಪೊಟ್ಟಣದಂತೆ ಉಬ್ಬಿ ಕಾಣುತ್ತಿತ್ತು. ಅದೇ ಗೋಡೆ, ಅದೇ ಹುಳು, ಅದೇ ಹಾಸಿಗೆ. ಅವಳ ಗುಳಿಗಳಲ್ಲೂ ಚುಕ್ಕೆ, ಅವನ ಗುಳಿಗಳಲ್ಲೂ ಚುಕ್ಕೆ. ಅವಳ ಹೃದಯ ಸೋತಿತು, ತನ್ನದು ಇಲ್ಲಿ ಮೊಲದ ಹಾಗೆ ಕುಪ್ಪಳಿಸುತ್ತಿದೆ. ತೊಟ್ಟಿಯ ಕಡೆಯಿಂದ ಸೀಸೆಗಳ ಸದ್ದು. ಇದ್ದಕ್ಕಿದ್ದಂತೆ ಅವನಿಗೆ ಯಾವುದೂ ಭಾರವಾಗಿಲ್ಲ ಎನ್ನಿಸಿತು. ಹಗುರ, ತೇಲುವಷ್ಟು ಹಗುರ. ಸೂಜಿಯನ್ನು ಟ್ರೇಗೆ ಹಾಕಿ, “ಒಂದ್ನಿಮಿಷ ಕೂತಿರಿ ಸೆನ್ಯೋರಾ,” ಎಂದು ಸೀದಾ ಡಾಕ್ಟೋರಾರ ಕೋಣೆಗೆ ನಡೆದ.

“ಟ್ಯೂಬ್ ಬದಲಾಗಿಲ್ಲ, ಡಾಕ್ಟೋರಾ,” ಎಂದ. ಉಸಿರು ತೆಗೆದುಕೊಳ್ಳದೆ ಹೇಳಿದ. “ಲಿಡ್ಸಿ ಏನೂ ತಪ್ಪು ಮಾಡಿಲ್ಲ. ಅದು ನನ್ನ ರಕ್ತವೇ. ನಾನು ಹುಟ್ಟಿದ್ದು ಮಿಸ್ಕೆ ಕಡೆ, ಮಣ್ಣಿಟ್ಟಿಗೆ ಮನೇಲಿ. ಫಾರಂನಲ್ಲಿ ಸುಳ್ಳು ಬರೆಸಿದೆ.”

ಡಾಕ್ಟೋರಾ ಕನ್ನಡಕ ತೆಗೆದು ಅವನನ್ನೇ ನೋಡಿದರು. ಸಿಡಿಯುತ್ತಾರೆ ಎಂದುಕೊಂಡ. ಅವರ ಮುಖದಲ್ಲಿ ಮೂಡಿದ್ದು ಅಕ್ಕರೆ. “ಓಹೋಹೋ,” ಎಂದರು. “ಈಗ ಗೊತ್ತಾಯ್ತು. ಆ ಹುಡುಗಿ ಮೇಲೆ ಮನಸ್ಸಾಗಿದೆ. ಅವಳನ್ನ ಉಳಿಸೋಕೆ ಗೂಬೆ ನಿನ್ನ ತಲೆ ಮೇಲೆ ಕೂರಿಸ್ಕೊತಾ ಇದ್ದೀಯ.”

“ಇಲ್ಲ ಡಾಕ್ಟೋರಾ, ದೇವರಾಣೆ...”

“ಎರಡು ಸಲ ನಿನ್ನ ರಕ್ತ ನಾನೇ ಪರೀಕ್ಷೆ ಮಾಡಿಸಿದೀನಿ. ಏನೂ ಇಲ್ಲ. ಹೋಗು, ಏನಾದ್ರೂ ತಿನ್ನು, ನಿಂತಲ್ಲೇ ತೂಗಾಡ್ತಾ ಇದ್ದೀಯ.”

ಇದೆಂಥ ತಮಾಷೆ! ಆರು ವರ್ಷ ಸುಳ್ಳು ಹೇಳಿದಾಗ ಒಬ್ಬರೂ ಅನುಮಾನಿಸಲಿಲ್ಲ. ನಿಜ ಹೇಳಿದರೆ ಪ್ರೀತಿ ಎನ್ನುತ್ತಾರೆ. ಅವನಿಗೆ ಬಿದ್ದು ಬಿದ್ದು ನಗಬೇಕೆನಿಸಿತು. “ಹಾಗಾದ್ರೆ ಅವರನ್ನೇ ಕೇಳಿ,” ಎಂದ. “ಹೊರಗಿದಾರಲ್ಲ ಸಾತುರ್ನಿನಾ ಸೆಹಾಸ್, ಅವರು ನಮ್ಮಮ್ಮ.”

ಈಗ ಡಾಕ್ಟೋರಾ ನಗಲಿಲ್ಲ. “ನಿಕಾನೋರ್, ನಾಲ್ಕು ವರ್ಷದಿಂದ ಆಯಮ್ಮನಿಗೆ ನೀನು ‘ಹೆಸರೇನು ಸೆನ್ಯೋರಾ’ ಅಂತ ಕೇಳೋದನ್ನ ನನ್ನ ಕಿವಿಯಾರೆ ಕೇಳಿದೀನಿ. ಹೆತ್ತ ತಾಯಿಗೆ ಯಾರಾದ್ರೂ ಹಾಗೆ ಕೇಳ್ತಾರಾ? ಪಾಪದ ಹೆಂಗಸನ್ನ ನಿನ್ನ ಆಟಕ್ಕೆ ಎಳೀಬೇಡ.” ಡಾಕ್ಟೋರಾ ಅವನನ್ನು ದಾಟಿಕೊಂಡು ಹೊರಗೆ ಬಂದರು. ಅವನು ಹಿಂದೆಯೇ ಬಂದ. ಲಿಡ್ಸಿ ಬ್ರಷ್ಷು ಹಿಡಿದುಕೊಂಡೇ ತಿರುಗಿ ನಿಂತಳು. “ಕ್ಷಮಿಸಿ ಸೆನ್ಯೋರಾ,” ಎಂದರು ಡಾಕ್ಟೋರಾ, “ಈ ಹುಡುಗ ನಿಮ್ಮ ಮಗನಂತೆ. ಹೌದಾ?”

ಅಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಮೊದಲು ಲಿಡ್ಸಿಯ ಅತ್ತ ಮುಖ ನೋಡಿದಳು, ಆಮೇಲೆ ಡಾಕ್ಟೋರಾರ ಬಿಗಿದ ತುಟಿ, ಆಮೇಲೆ ಅವನ ಬಿಳಿಚಿದ ಮುಖ. ಏನೋ ಅನಾಹುತವಾಗಿದೆ, ಮಗ ಸಿಕ್ಕಿಬಿದ್ದಿದ್ದಾನೆ ಎಂಬುದಷ್ಟೇ ಅವಳಿಗೆ ಅರ್ಥವಾಯಿತು. “ಈ ಡಾಕ್ಟ್ರಪ್ಪನಾ?” ಎಂದಳು. “ನನ್ನ ಮಗನಾ? ಅಯ್ಯೋ, ಅಂಥಾ ಪುಣ್ಯ ಎಲ್ಲಿ ಬರಬೇಕು ತಾಯಿ ನನಗೆ.”

“ಮಮಾಯ್,” ಎಂದ ನಿಕಾನೋರ್. ಮನೆಯಲ್ಲಿ ಅಮ್ಮನನ್ನು ಕರೆಯುವ ಮಾತು. ಈ ಗೋಡೆಗಳ ನಡುವೆ ಅದನ್ನು ಅವನು ಆಡಿದ್ದು ಮೊದಲ ಸಲ. ಅವಳು ತಿರುಗಲಿಲ್ಲ. ಎಷ್ಟು ಚೆನ್ನಾಗಿ ಕಲಿತಿದ್ದಾಳೆ! ಕಲಿಸಿದ ಮೇಷ್ಟ್ರು ತಾನೇ. ನಂದಲ್ಲ ಸಾರ್, ನಂದಲ್ಲ.

“ಇವರಿಗೆ ತಲೆ ಸುತ್ತಿ ಏನೇನೋ ಮಾತಾಡ್ತಾ ಇದಾರೆ, ಡಾಕ್ಟೋರಾ. ಒಂದಿಷ್ಟು ಸಕ್ಕರೆ ನೀರು ಕೊಡಿ. ಒಳ್ಳೇ ಹುಡುಗ, ಬೈಬೇಡಿ, ಕೆಲಸದಿಂದ ಗಿಲಸದಿಂದ ತೆಗೀಬೇಡಿ. ಇವರೆಲ್ಲಿ, ನಾವೆಲ್ಲಿ. ಇವರು ಪಟ್ಟಣದಲ್ಲಿ ಹುಟ್ಟಿದೋರು, ಇಟ್ಟಿಗೆ ಮನೇಲಿ, ಸುಣ್ಣ ಬಳಿದ ಗೋಡೆ. ಅಂಥಾ ಮನೇಲಿ ವಿಂಚುಕಾ ಎಲ್ಲಿಂದ ಬರ್ಬೇಕು, ನೀವೇ ಹೇಳಿ.”

ಕೋಣೆ ಸುತ್ತುವುದು ನಿಂತಿತು. ಫಾರಂನಲ್ಲಿ ಏನು ಬರೆಸಿದೆನೆಂದು ಅವನು ಅಮ್ಮನಿಗೆ ಎಂದೂ ಹೇಳಿರಲಿಲ್ಲ. ಫಾರಂ ಎಂಬುದೊಂದು ಇದೆಯೆಂದೇ ಹೇಳಿರಲಿಲ್ಲ. ಡಾಕ್ಟೋರಾ ಗೋಡೆಯ ಕಪಾಟಿಗೆ ಹೋಗಿ, ಹಳೆಯ ಕಡತವೊಂದನ್ನು ಎಳೆದು, ಹಾಳೆ ತಿರುಗಿಸಿ, ಅಲ್ಲಿದ್ದ ಸಾಲಿನ ಮೇಲೆ ಬೆರಳಿಟ್ಟುಕೊಂಡು ಬಹಳ ಮೆತ್ತಗೆ ಕೇಳಿದರು: “ಸೆನ್ಯೋರಾ, ಇವನ ಮನೆ ಗೋಡೆಗೆ ಸುಣ್ಣ ಬಳಿದದ್ದು ನಿಮಗೆ ಹೇಗೆ ಗೊತ್ತು?”

ಅಮ್ಮ ಮಡಿಲಿನ ಟೋಪಿಯನ್ನು ಒಮ್ಮೆ ಈ ಕಡೆ ತಿರುಗಿಸಿದಳು, ಒಮ್ಮೆ ಆ ಕಡೆ. “ಮಗ ಏನು ಬರೀತಾನೆ ಅಂತ ತಾಯಿಗೆ ಗೊತ್ತಾಗಲ್ವಾ, ಡಾಕ್ಟೋರಾ?” ಎಂದಳು.

ಆಮೇಲೆ ನಡೆದದ್ದೆಲ್ಲ ಒಂದರ ಮೇಲೊಂದು ಬಿದ್ದು ನಡೆಯಿತು. ಡಾಕ್ಟೋರಾ ಬೈದರು, ಆರು ವರ್ಷಕ್ಕೆ ಸರಿಯಾಗುವಷ್ಟು ಬೈದರು, ಇವನ ರಕ್ತ ಹೋದ ಒಂದೊಂದು ಪ್ರಯೋಗವನ್ನೂ ಮತ್ತೆ ತೆಗೆದು ನೋಡಬೇಕು, ನಿನ್ನನ್ನು ಏನು ಮಾಡಬೇಕೆಂದು ಆಮೇಲೆ ಯೋಚಿಸುತ್ತೇನೆ ಎಂದರು. ಬೈಯುತ್ತಲೇ ಲಿಡ್ಸಿಯ ಕೈಯಿಂದ ಬ್ರಷ್ಷು ಕಿತ್ತು ತೊಟ್ಟಿಗೆಸೆದು, “ನನ್ನ ತಪ್ಪು ಮಗಳೇ, ತಟ್ಟೆ ನಿನ್ನದೇ,” ಎಂದರು. ಲಿಡ್ಸಿ ನಿಕಾನೋರನ ಹತ್ತಿರ ಬಂದು ಅವನ ಭುಜಕ್ಕೆ ನೋಯುವಂತೆ ಗುದ್ದಿದಳು, ಮತ್ತೆ ಅತ್ತಳು, ಮತ್ತೆ ನಕ್ಕಳು. ಅಷ್ಟರಲ್ಲಿ ಡಾಕ್ಟೋರಾ ಹೊಸ ಫಾರಂ ತೆಗೆದುಕೊಂಡು ಅಮ್ಮನೆದುರು ಸ್ಟೂಲು ಎಳೆದು ಕೂತಾಗಿತ್ತು. ನಾಲ್ಕು ವರ್ಷ ಬಾಯಿ ಕಟ್ಟಿಕೊಂಡಿದ್ದ ಅಮ್ಮ ಈಗ ಒಂದು ಪ್ರಶ್ನೆಗೆ ಹತ್ತು ಉತ್ತರ ಕೊಡುತ್ತಿದ್ದಳು: ಮಣ್ಣಿಟ್ಟಿಗೆ, ಹುಲ್ಲಿನ ಚಾವಣಿ, ಮಗ್ಗುಲಲ್ಲೇ ಕೋಳಿಗೂಡು. ಇವನಿಗೆ ನಾಲ್ಕು ವರ್ಷವಿದ್ದಾಗ ಒಂದು ಬೆಳಿಗ್ಗೆ ಬಲಗಣ್ಣು ಊದಿ ಮುಚ್ಚಿಯೇ ಹೋಗಿತ್ತು, ಟೊಮೇಟೊ ಹಣ್ಣಿನ ಥರ, ಮೂರು ವಾರ ಜ್ವರ. “ಕಣ್ಣು!” ಎಂದು ಡಾಕ್ಟೋರಾ ಎದ್ದೇ ನಿಂತರು. “ಕಣ್ಣು ಊದಿತ್ತಾ? ಕೇಳಿದ್ಯಾ ಲಿಡ್ಸಿ? ಈ ರೋಗ ಹೊಕ್ಕ ಗುರುತೇ ಅದು. ರೋಗಾಣು ಮೈಯೊಳಗೆ ಹೋಗಿದೆ, ಜ್ವರ ಬಂದಿದೆ, ಆದ್ರೆ ಮಾಮೂಲಿ ಪರೀಕ್ಷೇಲಿ ಏನೂ ಇಲ್ಲ, ಕಣಗಳಲ್ಲಿ ಮಾತ್ರ ನೆನಪಿದೆ. ಇವನ ಮೈ ಅದನ್ನ ಹೊಡೆದೋಡಿಸಿರಬಹುದು ಕಣೇ! ಇರಬಹುದು, ಇಲ್ಲದೆಯೂ ಇರಬಹುದು, ಇನ್ನೂ ಹತ್ತು ಪರೀಕ್ಷೆ ಮಾಡ್ಬೇಕು, ಆದ್ರೂ... ಹೇಗೆ ಓಡಿಸ್ತು? ಅದು ಗೊತ್ತಾದ್ರೆ!” ಅವರ ಕೆನ್ನೆ ಕೆಂಪಾಗಿತ್ತು. ಈ ಸುಳ್ಳುಗಾರ, ಈ ದರಿದ್ರ, ಇವನನ್ನು ನಾನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕಬೇಕು ಎಂದರು. ಇನ್ನೂ ಎರಡು ಟ್ಯೂಬು ರಕ್ತ ಬೇಕೆಂದರು.

“ಮೊದಲು ಅವನ ಹೊಟ್ಟೆಗೇನಾದ್ರೂ ಹಾಕಿ,” ಎಂದಳು ಅಮ್ಮ, ಅಪ್ಪಣೆ ಕೊಡುವವಳಂತೆ.

ಲಿಡ್ಸಿ ಓಡಿಹೋಗಿ ಎರಡು ಸಾಲ್ತೇನ್ಯಾ ತಂದಳು. ನಿಕಾನೋರ್ ಒಂದನ್ನು ಕಚ್ಚಿದ. ಬಿಸಿ ರಸ ಗದ್ದದಿಂದ ಮೊಣಕೈವರೆಗೆ ಸುರಿಯಿತು. ಅಮ್ಮ ತನ್ನ ಶಾಲಿನ ತುದಿಯಿಂದ, ಅಲ್ಲಿದ್ದವರೆಲ್ಲರೆದುರು, ಅವನ ಗದ್ದ ಒರೆಸಿದಳು. ನಾಚಿಕೆಯಾಗಬೇಕಿತ್ತು. ಮೂವತ್ತನಾಲ್ಕು ವರ್ಷದ ಗಂಡಸು. ನಾಚಿಕೆ ಎಲ್ಲಿದೆ ಎಂದು ಮೈಯೆಲ್ಲ ಹುಡುಕಿದ, ಸಿಗಲಿಲ್ಲ. ತಾನು ಗೆದ್ದ ರೋಗಕ್ಕೆ ಅವಳು ಸೋತದ್ದೇಕೆ ಎಂಬ ಪ್ರಶ್ನೆ ಮಾತ್ರ ಅಲ್ಲೇ ಇತ್ತು, ಎದೆಯ ಮೇಲೆ ಉಬ್ಬಿದ್ದ ಆ ಪುಟ್ಟ ಪೊಟ್ಟಣದ ಹತ್ತಿರ. ಅದನ್ನು ಲಿಡ್ಸಿಯ ತಟ್ಟೆಗಳು ಹೇಳಿದರೆ ಹೇಳಿಯಾವು, ಅವಳಿರುವಷ್ಟರಲ್ಲಿ ಹೇಳಿದರೆ ಸಾಕು.

ಕೈ ತೊಳೆದುಕೊಂಡು ಬಂದ. ಅಮ್ಮ ಆಗಲೇ ತೋಳು ಚಾಚಿ ಕೂತಿದ್ದಳು. ಲಿಡ್ಸಿ ಟ್ಯೂಬಿನ ಮೇಲೆ ಬರೆಯಲು ಪೆನ್ನು ಹಿಡಿದು ನಿಂತಳು. ಚುಚ್ಚುವ ಮೊದಲು ಹೆಸರು ಕೇಳಲೇಬೇಕು, ಅದು ನಿಯಮ. ನಾಲ್ಕು ವರ್ಷದ ಅಭ್ಯಾಸದಲ್ಲಿ ಬಾಯಿ ತಾನಾಗಿಯೇ ತೆರೆಯಿತು. “ಹೆಸರು?” ಎಂದ.

ಅಮ್ಮ ಅವನ ಮುಖವನ್ನೇ ನೋಡಿದಳು. ಆ ನೋಟದಲ್ಲಿ ಆಟವಿರಲಿಲ್ಲ.

“ಈ ಸಲ ನೀನೇ ಹೇಳು,” ಎಂದಳು.

ಅವನು ಹೇಳಿದ. ನರ ಸಿಗಲು ಮೂರು ಸಲ ಚುಚ್ಚಬೇಕಾಯಿತು.